ಅಜ್ಜಿ ಹಿಡಿದ ಮನೆಗಳು

ಬುಟ್ಟಿಯ ತಳಕ್ಕೆ ಬಾಳೆಲೆ ಹಾಸಿ, ಅದರ ಮೇಲೆ ಐಸಿನ ಪುಡಿ ಹರಡಿದೆ. ಆಮೇಲೆ ಬಂಗುಡೆಗಳನ್ನು ಒಂದೊಂದಾಗಿ ಇಟ್ಟೆ, ತಲೆ ಒಳಗೆ, ಬಾಲ ಹೊರಗೆ. ಅಜ್ಜಿ ಬಾವಿಕಟ್ಟೆಯ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತು ನೋಡುತ್ತಿದ್ದಳು. ಬಂಗುಡೆಯ ಮೇಲೆ ಬೈಗೆ ಎಂಬ ಅಗ್ಗದ ಸಣ್ಣ ಮೀನು ಸುರಿದು, ಎಲ್ಲಕ್ಕೂ ಮೇಲೆ ಕಾಣೆ ಮೀನು ಇಟ್ಟೆ, ಬೆಲೆಬಾಳುವ ಮೀನು ಮೊದಲು ಕಣ್ಣಿಗೆ ಬೀಳಲಿ ಎಂದು. ಅಜ್ಜಿ ಒಂದು ಬೆರಳು ಎತ್ತಿದಳು. ನಾನು ಕಾಣೆಗಳನ್ನು ತೆಗೆದು ಬೈಗೆಯ ಅಡಿಗೆ ಸೇರಿಸಿದೆ. ಬೆರಳು ಇಳಿಯಿತು. ಮೇಲೊಂದು ಬಾಳೆಲೆ ಮುಚ್ಚಿ, ಒದ್ದೆ ಗೋಣಿ ಹೊದೆಸಿದೆ.

ಅಂದು ನಾವು ಹೊರಟದ್ದು ಮೀನು ಮಾರುವುದಕ್ಕಷ್ಟೇ ಅಲ್ಲ. ಅಜ್ಜಿ ತನ್ನ ಮನೆಗಳನ್ನು ನನಗೆ ಕೊಡುವ ದಿನ ಅದು.

ಮನೆ ಅಂದರೆ ಗೋಡೆ, ಮಾಡು ಇರುವ ಆಸ್ತಿಯಲ್ಲ. ನಮ್ಮ ಕಡೆ ಮೀನು ಹೊತ್ತು ಮಾರುವ ಹೆಂಗಸರು ಮನೆ ಹಿಡಿಯುತ್ತಾರೆ. ಒಬ್ಬಳು ಹಿಡಿದ ಮನೆಯ ಅಂಗಳಕ್ಕೆ ಇನ್ನೊಬ್ಬಳು ಬುಟ್ಟಿ ತರುವುದಿಲ್ಲ. ಆ ಮನೆಯವರೂ ಬೇರೆಯವಳನ್ನು ಕರೆಯುವುದಿಲ್ಲ. ನನ್ನ ಅಜ್ಜಿ ಜಲಜ, ಅಪ್ಪನ ತಾಯಿ, ಸಾಲಿಗ್ರಾಮದಿಂದ ಒಳಗಿನ ಹಳ್ಳಿಗಳಲ್ಲಿ ಹಿಡಿದ ಮನೆಗಳು ಅವಳ ತಾಯಿಯಿಂದ ಬಂದವು. ಅವಳು ಹುಟ್ಟಿದ್ದು ಅಲ್ಲೇ ಹತ್ತಿರದ ಕಡಲ ಕರೆಯಲ್ಲಿ, ಅಂದರೆ ದಡದಲ್ಲಿ. ಗಂಗೊಳ್ಳಿಗೆ ಮದುವೆಯಾಗಿ ಬಂದ ಮೇಲೂ ಆ ಮನೆಗಳನ್ನು ಬಿಡಲಿಲ್ಲ. ದೋಣಿಯಲ್ಲಿ ಕುಂದಾಪುರಕ್ಕೆ ದಾಟಿ, ಬಸ್ಸು ಹತ್ತಿ ಹೋಗಿ ಬರುತ್ತಿದ್ದಳು. ಮನೆ ಕೊಡುವುದಕ್ಕೊಂದು ಕ್ರಮ ಇತ್ತು. ಹಳಬಳು ಹೊಸಬಳನ್ನು ಕರೆದುಕೊಂಡು ಹೋಗಬೇಕು. ಆ ಮನೆಯ ಹೆಂಗಸು ಹೊಸಬಳ ಕೈಯಿಂದ ಬೋಣಿ ಮಾಡಬೇಕು, ಅಂದರೆ ಮೊದಲ ಮೀನು ಕೊಳ್ಳಬೇಕು. ಬೋಣಿ ಆಗದಿದ್ದರೆ ಆ ಮನೆ ಹಳಬಳೊಂದಿಗೇ ಮುಗಿಯಿತು.

ಹೋದ ಮಳೆಗಾಲದಲ್ಲಿ ಜಾರಿ ಬಿದ್ದು ಅಜ್ಜಿಯ ತೊಡೆಯ ಮೂಳೆ ಮುರಿದಿತ್ತು. ಒಳಗೆ ರಾಡು ಹಾಕಿದರು. ಇನ್ನು ತಲೆಯ ಮೇಲೆ ಭಾರ ಹೊರಬಾರದು ಎಂದು ಡಾಕ್ಟರು ಹೇಳಿದ್ದನ್ನು ಅವಳು ತಲೆಯಾಡಿಸಿ ಒಪ್ಪಿಕೊಂಡಿದ್ದಳು. ಮನೆಗಳೂ ತನ್ನೊಂದಿಗೆ ಮುಗಿಯುವುದನ್ನು ಮಾತ್ರ ಒಪ್ಪಿರಲಿಲ್ಲ.

ತೊಡಕು ಇದ್ದದ್ದು ನನ್ನಲ್ಲಿ. ನನಗೆ ಕೂಗಲು ಬರುವುದಿಲ್ಲ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಕೊರೊನಾ ಬಂತು, ಪಾಠ ಫೋನಿಗೆ ಹೋಯಿತು, ಮನೆಯಲ್ಲಿದ್ದ ಒಂದೇ ಫೋನು ಅಪ್ಪನ ಜೊತೆ ಬೋಟಿಗೆ ಹೋಯಿತು. ಶಾಲೆ ಮತ್ತೆ ತೆರೆದಾಗ ಅಮ್ಮ ಹಾಸಿಗೆ ಹಿಡಿದಿದ್ದಳು. ನಾನು ಹೋಗಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಮಾತು ಬೇಡದ ಕೆಲಸಗಳನ್ನೆಲ್ಲ ಮಾಡಿದ್ದೇನೆ. ಮೀನು ಕೊರೆಯುತ್ತೇನೆ, ಒಣ ಮೀನು ಹರವುತ್ತೇನೆ, ಐಸು ಒಡೆಯುತ್ತೇನೆ. ಮೀನುಪೇಟೆಯಲ್ಲಿ ಅಜ್ಜಿಯ ಪಕ್ಕ ಕೂತರೆ ಗಿರಾಕಿಗಳು ಅವಳೊಡನೆ ಮಾತಾಡಿ ನನ್ನ ಕೈಯಿಂದ ಮೀನು ತೆಗೆದುಕೊಂಡು ಹೋಗುತ್ತಾರೆ.

ಹೊರಡುವಾಗ ಅಪ್ಪ ಬಾಗಿಲಲ್ಲಿ ನಿಂತಿದ್ದ. ಅವನ ಹೆಸರು ನಾಗ. ಬೋಟಿನಿಂದ ಬೆಳಗ್ಗೆಯಷ್ಟೇ ಇಳಿದು ಬಂದಿದ್ದ.

"ಅಬ್ಬೇ, ಎಂತಕ್ ಈ ಕಷ್ಟ? ಈಗಿನವ್ರ್ ಫೋನಂಗೇ ಮೀನ್ ತರ್ಸ್ಕಂತ್ರ್. ಕೊರ್ದ್, ತೊಳ್ದ್, ಪ್ಯಾಕೆಟ್ ಆಯಿ ಬತ್ತ್."

"ಪ್ಯಾಕೆಟ್ ಮೀನ್ ಅವ್ರ ಮನಿ ಸುಖದುಃಖ ಕೇಂತಾ?" ಅಜ್ಜಿ ಕೇಳಿದಳು.

"ಇವ್ಳ್ ಕೇಂತ್ಳಾ? ಇವ್ಳ್ ಬಾಯಿ ಬಿಡುದ್ ಆಕಳ್ಸುಕೆ ಮಾತ್ರ."

"ಹೊತ್ತ್ ಬಂದ್ರೆ ಬಿಡ್ತ್ಳ್. ನೀ ಮೂರ್ ವರ್ಷ ಆದ್ರೂ ಮಾತಾಡ್ದೆ ಇದ್ದವ. ಈಗ ಕಾಣ್, ನಿಲ್ಸುಕೇ ಆತಿಲ್ಲೆ."

ಅಪ್ಪ ನಕ್ಕು, ಬುಟ್ಟಿಯನ್ನು ಬಸ್‌ಸ್ಟ್ಯಾಂಡಿನವರೆಗೆ ತಾನೇ ಹೊತ್ತುಕೊಟ್ಟ.

ಕುಂದಾಪುರದಲ್ಲಿ ಬ್ರಹ್ಮಾವರದ ಕಡೆ ಹೋಗುವ ಬಸ್ಸಿನ ಕಂಡಕ್ಟರು ಅಜ್ಜಿಯನ್ನು ಕಂಡು ಕಿಟಕಿಯಿಂದಲೇ ಕೂಗಿದ. "ಹ್ವಾಯ್ ಅಜ್ಜಿ, ಬದ್ಕಿದ್ರ್ಯಾ? ಹಿಂದಿನ ಸೀಟ್ ಖಾಲಿ ಬಿಟ್ಕಂಡೇ ತಿರ್ಗ್ತಿದ್ದೆ!"

"ನಿನ್ನ ಬಸ್ಸಿಗಿಂತ ನಾ ಗಟ್ಟಿ ಮಾರಾಯಾ. ಕಾಲೊಳ್ಗೆ ಹೊಸ ಕಬ್ಬಿಣ ಹಾಕ್ಸ್ಕಂಡ್ ಬಂದಿದೆ."

ಬಸ್ಸಿನವರೆಲ್ಲ ನಕ್ಕರು. ಬುಟ್ಟಿ ಹಿಂದಿನ ಬಾಗಿಲ ಹತ್ತಿರ ಕೂತಿತು, ಅದರ ಪಕ್ಕ ನಾವು.

ಅಜ್ಜಿಗೆ ವರ್ಷಗಳ ಲೆಕ್ಕ ತಿಳಿಯದು, ಹುಟ್ಟಿದ ವರ್ಷವೂ. ಮದ್ರಾಸಿಗೆ ಸೇರಿದ್ದ ನಮ್ಮ ಊರು ಮೈಸೂರಿಗೆ ಸೇರಿತು ಎಂದು ದೊಡ್ಡವರು ಮಾತಾಡಿಕೊಳ್ಳುತ್ತಿದ್ದಾಗ ತಾನು ತಾಯಿಯ ಸೆರಗು ಹಿಡಿದು ಬುಟ್ಟಿಯ ಹಿಂದೆ ಓಡುತ್ತಿದ್ದೆ ಎನ್ನುತ್ತಾಳೆ. ಮೈಸೂರು ಅಂದರೆ ಯಾವುದೋ ದೊಡ್ಡ ಮೀನುಪೇಟೆ ಎಂದುಕೊಂಡಿದ್ದಳಂತೆ. ಆಗ ಎಷ್ಟೋ ಹೊಳೆಗಳಿಗೆ ಸೇತುವೆ ಇರಲಿಲ್ಲ. ಬಸ್ಸು ಹೊಳೆಯ ದಡದವರೆಗೆ ಬಂದು ನಿಲ್ಲುತ್ತಿತ್ತು, ಜನ ದೋಣಿಯಲ್ಲಿ ದಾಟಿ ಆಚೆ ದಡದ ಬಸ್ಸು ಹತ್ತುತ್ತಿದ್ದರು. ಮೀನಿನವರ ಬುಟ್ಟಿ ಬಸ್ಸಿನೊಳಗೆ ಬರಬಾರದು. ಹಿಂದಿನ ಏಣಿ ಹತ್ತಿ ಅವರೇ ಮೇಲಿಡಬೇಕು, ಅವರೇ ಇಳಿಸಬೇಕು.

"ಸೀರಿ ಎತ್ತಿಕಟ್ಕಂಡ್ ಏಣಿ ಹತ್ತುದ್," ಅಜ್ಜಿ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು. "ಈಗ ನೀ ಸೀಟಂಗೆ ಕೂಕಂಡ್ ಹೋತೆ ಅಂದ್ರೆ, ಹೆಣೆ, ಅದ್ ಸಣ್ ಸಂಗ್ತಿ ಅಲ್ಲ."

ತೆಕ್ಕಟ್ಟೆ ದಾಟುವಾಗ ಅಜ್ಜನ ಮಾತು ಬಂತು. ಅಜ್ಜನ ಹೆಸರು ಗುಡ್ಡ, ನಾನು ಹುಟ್ಟುವ ಮೊದಲೇ ತೀರಿಕೊಂಡವನು. ಅವನು ರಂಪಣಿಯವನು. ರಂಪಣಿ ಅಂದರೆ ಕಡಲ ಕರೆಯಲ್ಲಿ ನಿಂತು ಊರಿಗೆ ಊರೇ ಹಗ್ಗ ಹಿಡಿದು ಎಳೆಯುವ ದೊಡ್ಡ ಬಲೆ. ಎಳೆದವರಿಗೆಲ್ಲ ಪಾಲು. ಮುದುಕರಿಗೂ, ಗಂಡ ಸತ್ತವರಿಗೂ, ಹಗ್ಗಕ್ಕೆ ಕೈ ಹಚ್ಚಿದರೆ ಸಾಕು. ಅಜ್ಜಿಯ ಮದುವೆಯಾಗಿ ಅಪ್ಪ ಹುಟ್ಟಿ ಕೆಲವು ವರ್ಷಕ್ಕೆ ಎಂಜಿನ್ ಬೋಟುಗಳು ಹೊಸ ಬಲೆ ತಂದವು. ಮೀನು ಕರೆಗೆ ಬರುವ ಮೊದಲೇ ಕಡಲ ನಡುವಲ್ಲೇ ಬಾಚಿಕೊಂಡವು. ಕರೆಯ ಜನಕ್ಕೂ ಬೋಟಿನವರಿಗೂ ಗಲಾಟೆಯಾಯಿತು, ಕಲ್ಲು ಬಿತ್ತು, ಪೊಲೀಸರು ಬಂದರು. ಅಜ್ಜನೂ ಕಲ್ಲು ಹೊಡೆದವರಲ್ಲಿ ಒಬ್ಬ. ರಂಪಣಿ ಬಲೆ ಮಾಡಿನ ಅಡಿಯಲ್ಲಿ ಇಲಿ ಕಡಿಯುತ್ತ ಬಿದ್ದಿತು.

"ಮತ್ತೆ?" ನಾನು ಕೇಳಿದೆ. ಗೊತ್ತಿದ್ದರೂ ಕೇಳಿದೆ, ಅಜ್ಜಿ ಈ ಜಾಗದಲ್ಲಿ ನಗುವುದು ನನಗೆ ಇಷ್ಟ.

"ಮತ್ತೆಂತ? ಕಲ್ ಹೊಡ್ದ ಬೋಟಿಗೇ ಕೆಲ್ಸಕ್ ಹೋದ್ರ್ ನಿನ್ನಜ್ಜ. ಅದೇ ಬೋಟ್ ನಿನ್ನಪ್ಪನ್ನ ಸಾಕ್ತ್, ನಿನ್ನನ್ನೂ ಸಾಕ್ತ್. ಹೊಡ್ದ ಕಲ್ಲ್ ತಾಗ್ಲಿಲ್ಲೆ, ಪುಣ್ಯ."

ಅಜ್ಜ ಬೋಟಿಗೆ ಹೋಗಲು ಮನಸ್ಸು ಮಾಡುವವರೆಗಿನ ತಿಂಗಳುಗಳಲ್ಲಿ ಗಂಗೊಳ್ಳಿಯ ಮನೆಯಲ್ಲಿ ಒಲೆ ಉರಿದದ್ದು ಸಾಲಿಗ್ರಾಮದ ಮನೆಗಳ ಅಕ್ಕಿಯಿಂದ. ಅಜ್ಜಿ ಖಾಲಿ ಬುಟ್ಟಿ ತೆಗೆದುಕೊಂಡೇ ಹೋಗಿದ್ದಳು. ಮೀನಿಲ್ಲ ಎಂದು ಹೇಳಿ ಬರೋಣ ಎಂದು ಹೋದವಳು, ಬರುವಾಗ ಅಕ್ಕಿ, ಸೌತೆಕಾಯಿ, ಹುಳಿ ಹೊತ್ತು ಬಂದಳು. ಯಾರೂ ಸಾಲ ಎನ್ನಲಿಲ್ಲ. ಆ ಮನೆಗಳನ್ನು ಬಿಡಲು ಅವಳಿಗೆ ಯಾಕೆ ಆಗುವುದಿಲ್ಲ ಎಂದು ಅಪ್ಪನಿಗೆ ತಿಳಿಯದು. ಅವನು ಆಗ ಆ ಅನ್ನ ಉಣ್ಣುತ್ತಿದ್ದವನು ಅಷ್ಟೇ, ತಂದವನಲ್ಲ.

ಸಾಲಿಗ್ರಾಮದಲ್ಲಿ ಇಳಿದೆವು. ಹೆದ್ದಾರಿ ಅಗಲವಾದ ಮೇಲೆ ಅಜ್ಜಿಯ ಬಸ್‌ಸ್ಟಾಪು ದೂರ ಹೋಗಿತ್ತು. ನಾನು ಸಿಂಬಿ ಇಟ್ಟು ಬುಟ್ಟಿ ಹೊತ್ತೆ, ಅಜ್ಜಿ ಕೋಲು ಊರಿದಳು. ನಿಧಾನಕ್ಕೆ ಒಳದಾರಿ ಹಿಡಿದೆವು.

ಮೊದಲು ಸಿಕ್ಕಿದ್ದು ವನಜಮ್ಮನ ಮನೆ. ವನಜಮ್ಮ ಅಜ್ಜಿಯನ್ನು ಕಂಡು ಸಂತೋಷಪಟ್ಟರು, ಕಾಲು ನೋಡಿದರು, ಕುಡಿಯಲು ಪಾನಕ ಕೊಟ್ಟರು. ಅಜ್ಜಿ ನನ್ನನ್ನು ಮುಂದೆ ಮಾಡಿದಳು. "ಇವ್ಳ್ ಮೋಕ್ಷಿತಾ, ನಾಗನ ಮಗ್ಳ್. ಇನ್ನ್ ಇವ್ಳೇ ಬಪ್ಪುದ್. ಒಂದ್ ಬೋಣಿ ಮಾಡಿ."

ವನಜಮ್ಮ ಸೆರಗು ಸರಿಮಾಡಿಕೊಂಡರು. "ಸೊಸಿ ಈಗ ಎಲ್ಲ ಫೋನಂಗೇ ತರ್ಸ್ತ್ಳ್ ಜಲಜಕ್ಕ. ನಂಗೆ ಮೀನ್ ಕೊರುಕೂ ಕಣ್ಣ್ ಕಾಂತಿಲ್ಲೆ. ಬೇಜಾರ್ ಮಾಡ್ಕಣ್ಬೇಡಿ." ಆಮೇಲೆ ನನ್ನನ್ನು ನೋಡಿದರು. "ಇವ್ಳ್ ಮಾತಾಡ್ತಿಲ್ಯಾ?"

ನಾನು ನಕ್ಕೆ.

ಅದರ ಮುಂದಿನ ಮನೆಗೆ ಬೀಗ. ಗೇಟಿನ ಮೇಲೆ ಬಳ್ಳಿ ಹಬ್ಬಿತ್ತು. ಅದರಾಚೆಯ ಮನೆಯನ್ನು ಹೆದ್ದಾರಿಗೆಂದು ಕೆಡವಿದ್ದರು, ಬಾವಿ ಮಾತ್ರ ಇತ್ತು. ಅಜ್ಜಿ ಬಾವಿಯ ಹತ್ತಿರ ಸ್ವಲ್ಪ ನಿಂತು, "ಹೋಪ," ಅಂದಳು. ನಡಿಗೆ ಇನ್ನೂ ನಿಧಾನವಾಗಿತ್ತು.

"ಸರೋಜಕ್ಕನ ಮನಿ ಒಂದ್ ಹಿಡ್ದ್ರೆ ಸಾಕ್," ಎಂದಳು ತನಗೇ ಹೇಳಿಕೊಂಡಂತೆ. "ಅವ್ರ್ ಬೋಣಿ ಮಾಡ್ರೆ ಸುತ್ತಿನ ಮನಿಯವ್ರೂ ಮಾಡ್ತ್ರ್. ಅವ್ರೂ ಬೇಡ ಅಂದ್ರೆ, ಆಯ್ತ್, ನಂದ್ ಮುಗೀತ್."

ನಾನು ಬುಟ್ಟಿಯ ಅಂಚು ಗಟ್ಟಿಯಾಗಿ ಹಿಡಿದುಕೊಂಡೆ. ಸರೋಜಮ್ಮನ ಎದುರು ನಾನು ಬಾಯಿ ಬಿಡಬೇಕು, ಇಲ್ಲದಿದ್ದರೆ ಅಜ್ಜಿಯ ಇಷ್ಟು ವರ್ಷಗಳು ಈ ದಾರಿಯಲ್ಲೇ ನಿಂತುಹೋಗುತ್ತವೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಏನು ಹೇಳುವುದೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಜೋಡಿಸಿದ್ದು ಪ್ರತಿ ತಿರುವಿನಲ್ಲಿ ಕಳಚಿಹೋಗುತ್ತಿತ್ತು.

ಆ ಮನೆಯ ಬಗ್ಗೆ ಅಜ್ಜಿ ಹೇಳದ ದಿನವಿಲ್ಲ. ಸರೋಜಮ್ಮನ ಮಾವ ಐತ ಹಿಂದೆ ಗೇಣಿಗೆ ಗದ್ದೆ ಮಾಡುತ್ತಿದ್ದವರು. ಸುಗ್ಗಿಯಾದ ಮೇಲೆ ಧಣಿಯ ಮನೆಗೆ ಅಕ್ಕಿ ಅಳೆದುಕೊಟ್ಟು ಉಳಿದದ್ದರಲ್ಲಿ ಬದುಕಬೇಕು. ಒಕ್ಕಲಿನವರ ಮನೆಯಲ್ಲಿ ಕಾಣೆ ಮೀನಿನ ಪರಿಮಳ ಬಂದರೆ ಧಣಿಯ ಕಡೆಯವರು, "ಬೆಳಿ ಒಳ್ಳೆದಾಯ್ತ್ ಕಾಂತ್," ಎನ್ನುತ್ತಿದ್ದರು. ಗೇಣಿ ಏರಿಸಿಯಾರೆಂಬ ಹೆದರಿಕೆಗೆ ಐತರು ಎಂದೂ ಬೈಗೆಯನ್ನಷ್ಟೇ ಕೇಳುವುದು. ಅವರ ಹೆಂಡತಿ ಬಸುರಿಯಾಗಿದ್ದಾಗ ಕಾಣೆಗೆ ಆಸೆಪಟ್ಟಳು. ಅಜ್ಜಿಯ ತಾಯಿ ಬೈಗೆಯ ಅಡಿಯಲ್ಲಿ ಎರಡು ಕಾಣೆ ಅಡಗಿಸಿ ತಂದುಕೊಟ್ಟಳು. ಅಂದಿನಿಂದ ನಮ್ಮ ಬುಟ್ಟಿಯಲ್ಲಿ ಕಾಣೆಯ ಜಾಗ ಬೈಗೆಯ ಅಡಿ. ಉಳುವವನಿಗೇ ನೆಲ ಎಂಬ ಕಾನೂನು ಬಂದು ಗದ್ದೆ ಐತರ ಹೆಸರಿಗಾದ ವಾರ ಅವರು ಅಜ್ಜಿಯನ್ನು ದಾರಿಯಲ್ಲೇ ತಡೆದು, ಎಲ್ಲರೂ ನೋಡುವಂತೆ ಕಾಣೆ ಎತ್ತಿ ಹಿಡಿದುಕೊಂಡು ಮನೆಯವರೆಗೆ ನಡೆದರಂತೆ. "ಮೆರವಣಿಗಿ," ಎಂದು ಅಜ್ಜಿ ಇವತ್ತಿಗೂ ನಗುತ್ತಾಳೆ. ಅಡಗಿಸುವ ಅಗತ್ಯ ಹೋದರೂ ಅಭ್ಯಾಸ ಹೋಗಲಿಲ್ಲ.

ಗದ್ದೆಯ ಬದು ದಾಟಿ ಮೇಲೆ ಬಂದೆವು. ನಾನು ಮೊದಲು ಕಂಡೆ. ಅಂಗಳದ ತುಂಬ ಚಪ್ಪರ. ಕಂಬಗಳಿಗೆ ಬಾಳೆ ಕಟ್ಟಿದ್ದರು. ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ ಏಳುತ್ತಿತ್ತು. ಹೆಂಗಸರು ಸಾಲಾಗಿ ಕೂತು ತರಕಾರಿ ಹೆಚ್ಚುತ್ತಿದ್ದರು, ಯಾರದೋ ಕೈಯಲ್ಲಿ ಮಲ್ಲಿಗೆ.

ಅಜ್ಜಿ ನಿಂತುಬಿಟ್ಟಳು.

ಹರಕೆಯ ಆಟ. ದೇವಿಯ ಮೇಳದ ಯಕ್ಷಗಾನ ಆಡಿಸುತ್ತೇವೆಂದು ಹರಕೆ ಹೇಳಿಕೊಂಡು ಹೆಸರು ಕೊಟ್ಟರೆ ಸರದಿ ಬರಲು ಇಪ್ಪತ್ತು ವರ್ಷವೂ ಆಗುತ್ತದೆ, ಹೆಚ್ಚೂ ಆಗುತ್ತದೆ. ಆ ದಿನ ಬಂದಾಗ ಮನೆಯಲ್ಲಿ ಮೀನು ಮಾಂಸ ಇಲ್ಲ. ಒಲೆ ತೊಳೆದಿರುತ್ತಾರೆ, ಅಂಗಳ ಸಾರಿಸಿರುತ್ತಾರೆ. ಆ ಅಂಗಳದ ಬಾಯಿಗೆ ನಾವು ಬುಟ್ಟಿ ತುಂಬ ಮೀನು ಹೊತ್ತು ಬಂದಿದ್ದೆವು.

ಸೋಮವಾರ ಮೀನು ತಿನ್ನದ ಮನೆ ಯಾವುದು, ಶನಿವಾರ ಬೇಡ ಎನ್ನುವವರು ಯಾರು, ಯಾರ ಮನೆಯಲ್ಲಿ ಸೂತಕ, ಯಾರ ಮನೆಯಲ್ಲಿ ಪೂಜೆ, ಎಲ್ಲ ಅಜ್ಜಿಯ ತಲೆಯಲ್ಲಿರುತ್ತಿತ್ತು. ಒಂದು ಸಲವೂ ತಪ್ಪು ದಿನ ತಪ್ಪು ಅಂಗಳಕ್ಕೆ ಹೋದವಳಲ್ಲ. ಕಾಲು ಮುರಿದು ಇಷ್ಟು ತಿಂಗಳು ಮನೆಯಲ್ಲೇ ಇದ್ದು, ಊರಿನ ಸುದ್ದಿ ಅವಳಿಗೆ ತಪ್ಪಿಹೋಗಿತ್ತು.

"ಅಯ್ಯೋ ದೇವ್ರೇ, ಎಂತ ಮಾಡ್ದೆ ನಾ," ಎಂದಳು. "ತಿರ್ಗ್ ಹೆಣೆ. ಬೇಗ ತಿರ್ಗ್. ಯಾರೂ ಕಾಂಬುದ್ರೊಳ್ಗೆ ಹೋಪ."

ಆಗಲೇ ಕಂಡಿದ್ದರು. ತರಕಾರಿಯ ಹತ್ತಿರ ಕೂತಿದ್ದ ಒಬ್ಬರು ನೆಂಟರ ಹೆಂಗಸು ಮೂಗು ಮುಚ್ಚಿಕೊಂಡು, "ಇವತ್ತೇ ಸಿಕ್ಕಿತ್ತಾ ಇವ್ರಿಗೆ ಮೀನ್ ತಪ್ಪುಕೆ?" ಎಂದರು, ನಮಗೆ ಕೇಳುವಷ್ಟು ಗಟ್ಟಿಯಾಗಿ. ಅಜ್ಜಿ ಕೋಲನ್ನು ಬದುವಿನ ಮಣ್ಣಿಗೆ ಊರಿ ಅವಸರದಲ್ಲಿ ತಿರುಗಿದಳು. ಕಾಲು ತಡವರಿಸಿತು. ನನಗೆ ಒಂದು ಕೈ ಬುಟ್ಟಿಗೆ, ಒಂದು ಕೈ ಅವಳಿಗೆ.

"ಜಲಜಕ್ಕಾ! ಹ್ವಾಯ್ ಜಲಜಕ್ಕಾ! ಎಲ್ಲಿಗೆ ಹೋತ್ರಿ?"

ತೆಂಗಿನಕಾಯಿ ತುರಿಯುತ್ತಿದ್ದ ಕೈಯಲ್ಲೇ ಸರೋಜಮ್ಮ ಓಡಿ ಬರುತ್ತಿದ್ದರು. ಅರವತ್ತು ದಾಟಿದ ಹೆಂಗಸು, ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು.

"ಗೊತ್ತಿರ್ಲಿಲ್ಲೆ ಸರೋಜಕ್ಕ, ದೇವಿ ಆಣಿ, ಗೊತ್ತಿರ್ಲಿಲ್ಲೆ," ಎಂದಳು ಅಜ್ಜಿ. "ನಿಂಗ್ಳ ಮನಿಗ್ ಇಂಥಾ ದಿನ ನಾ..."

"ಫೋನ್ ಮಾಡಿ ಮಾಡಿ ಸಾಕಾಯ್ತ್ ಮಾರಾಯ್ತಿ. ನಿಮ್ಮ ನಾಗನ ನಂಬರ್ ತಾಗುದೇ ಇಲ್ಲೆ. ನೀವ್ ಬರ್ದೆ ಇದ್ರೆ ಈ ಆಟ ಯಾರಿಗೆ?"

ಸರೋಜಮ್ಮ ನನಗೆ ದಾರಿಯಾಚೆಯ ಮಾವಿನ ಮರ ತೋರಿಸಿದರು. "ಹೆಣೆ, ಬುಟ್ಟಿ ಅಲ್ಲಿ ನೆಳ್ಳಂಗೆ ಇಡ್. ಬಾವಿಕಟ್ಟಿ ಹತ್ರ ಕೈಕಾಲ್ ತೊಳ್ಕಂಡ್ ಇಬ್ರೂ ಬನ್ನಿ."

ಚಪ್ಪರದೊಳಗೆ ಅಜ್ಜಿಗೆ ಕುರ್ಚಿ ಹಾಕಿದರು. ಅವಳು ತುದಿಯಲ್ಲಿ ಕೂತಳು, ಎದ್ದುಹೋಗಲು ಅನುಕೂಲವಾಗುವಂತೆ. ಮೂಗು ಮುಚ್ಚಿಕೊಂಡ ನೆಂಟರನ್ನು ನೋಡಿಯೇ ಸರೋಜಮ್ಮ ಎಲ್ಲರಿಗೂ ಕೇಳುವಂತೆ ಹೇಳಿದರು.

"ಈ ಹರಕಿ ಯಾವಾಗ ಹೇಳ್ಕಂಡದ್ ಗೊತ್ತಿತ್ತಾ ನಿಂಗ್ಳಿಗೆ? ಬೊಂಬಾಯಂಗೆ ಆ ಗಲಾಟಿ ಆಯ್ತಲ್ಲೆ, ಆಗ. ಇವ್ರ್ ಅಲ್ಲಿ ಹೋಟ್ಲಂಗೆ ಇದ್ದದ್. ಕಾಗ್ದ ಇಲ್ಲೆ, ಫೋನ್ ಇಲ್ಲೆ. ಮಾವ ಊಟ ಬಿಟ್ರ್. ನಾನ್ ಮಗೂನ ಎತ್ಕಂಡ್ ಹುಚ್ಚಿ ಹಾಂಗೆ ಕೂಕಂಡದ್."

'ಇವರು' ಅಂದರೆ ಅವರ ಗಂಡ ರವಿಚಂದ್ರ. ರಂಗಸ್ಥಳದ ಹತ್ತಿರ ಬಿಳಿ ಪಂಚೆ ಉಟ್ಟು ಕಂಬ ಹುಗಿಸುತ್ತಿದ್ದ ದಪ್ಪ ಮನುಷ್ಯರು ಅವರೇ.

"ಬೊಂಬಾಯಿ ಬಸ್ ಬೆಳಿಗ್ಗೆ ಕುಂದಾಪ್ರಕ್ಕೆ ಬತ್ತಿದಿತ್ತ್. ಈ ಜಲಜಕ್ಕ ಮೀನ್ ಮಾರುದ್ ಬಿಟ್, ಬುಟ್ಟಿ ಹೊತ್ಕಂಡೇ ಆ ಬಸ್ಸಿನ ಬಾಗಿಲಂಗೆ ನಿಂತ್ಕಂಬುದ್. ಇಳ್ದ ಇಳ್ದವ್ರನ್ನೆಲ್ಲ ಕೇಂಬುದ್, ಸಾಲಿಗ್ರಾಮದ ಐತರ ಮಗನ್ನ ಕಂಡ್ರ್ಯಾ, ಕಂಡ್ರ್ಯಾ ಅಂತ. ಜನ ವಾಸ್ನಿ ಅಂತ ಬೈದ್ರ್. ಮೀನ್ ಹಾಳಾಯ್ತ್. ಮರ್ದಿನ ಮತ್ತೆ ನಿಂತ್ಕಂಡ್ರ್. ಕಡೀಗ್ ಒಬ್ರ್ ಹೇಳ್ರಂತೆ, ಇದ್ದ, ಬದ್ಕಿದ್ದ, ಹೋಟ್ಲಿನ ಧಣಿ ಮನ್ಯಂಗಿದ್ದ ಅಂತ. ಜಲಜಕ್ಕ ಅಲ್ಲಿಂದ ಓಡ್ಕಂಡ್ ಬಂದದ್ ಕಾಣ್ಕಿತ್ತ್ ನೀವ್! ಬುಟ್ಟಿಯಂಗೆ ಕೊಳ್ತ ಮೀನ್. ಅದನ್ನ ಚೆಲ್ಲುಕೂ ನೆನ್ಪಿಲ್ಲೆ."

ಹೆಚ್ಚುತ್ತಿದ್ದ ಚೂರಿಗಳೆಲ್ಲ ನಿಂತಿದ್ದವು. ಅಜ್ಜಿ ತಲೆ ತಗ್ಗಿಸಿ ಸೀರೆಯ ಅಂಚನ್ನು ಮಡಚುತ್ತಿದ್ದಳು. ಈ ಸಂಗತಿಯನ್ನು ಅವಳು ನನಗೆ ಹೇಳಿರಲಿಲ್ಲ. ಐತರ ಅಕ್ಕಿ, ವನಜಮ್ಮನ ಸೌತೆಕಾಯಿ, ಯಾರೋ ಮಳೆಗೆ ಹೊದೆಯಲು ಕೊಟ್ಟ ಎಲೆಯ ಕೊರಂಬು, ಲಾಕ್‌ಡೌನಿನಲ್ಲಿ ಹಾಲಿನ ಗಾಡಿಯಲ್ಲಿ ಸರೋಜಮ್ಮ ಕಳಿಸಿದ ಬೇಳೆ, ಬೆಲ್ಲ, ಪಡೆದದ್ದೆಲ್ಲ ಅವಳಿಗೆ ಬಾಯಿಪಾಠ. ಕೊಟ್ಟದ್ದು ಮರೆತಿತ್ತೋ, ಅಥವಾ ಹೇಗೆ ಹೇಳುವುದೆಂದು ಗೊತ್ತಿರಲಿಲ್ಲವೋ.

"ಅದೆಲ್ಲ ಎಂತಕ್ ಈಗ," ಎಂದಳು ಅಜ್ಜಿ. "ನಿಮ್ಮ ಮಾವನ ಅಕ್ಕಿ ಉಂಡವ್ಳ್ ನಾನ್. ಬಸ್ಸಿನ ಬಾಗಿಲಂಗೆ ನಿಂತ್ಕಂಬುಕೆ ಎಂತ ಖರ್ಚಾ?"

ಯಾರೋ ನಕ್ಕರು. ಮೂಗು ಮುಚ್ಚಿಕೊಂಡವರು ಎದ್ದು ಹೋಗಿ ಅಜ್ಜಿಗೆ ಕಾಫಿ ತಂದರು.

ಕಾಫಿ ಕುಡಿದಾದ ಮೇಲೆ ಅಜ್ಜಿ ನನ್ನ ಮೊಣಕೈ ಹಿಡಿದಳು. "ಸರೋಜಕ್ಕ, ಇವ್ಳ್ ನನ್ನ ಮೊಮ್ಮಗ್ಳ್. ನಾನ್ ಇನ್ನ್..." ಎಂದು ಶುರುಮಾಡಿ ನಿಲ್ಲಿಸಿದಳು. ಬೋಣಿ ಮಾಡಿ ಎಂದು ಕೇಳುವ ದಿನವಲ್ಲ ಅದು. ಇನ್ನೊಂದು ದಿನ ಇಷ್ಟು ದೂರ ಬರಲು ಕಾಲು ಬಿಡುವುದಿಲ್ಲ. ಅವಳ ಹಿಡಿತ ಸಡಿಲವಾದದ್ದು ನನಗೆ ತಿಳಿಯಿತು.

ಸರೋಜಮ್ಮ ಅವಳನ್ನು ನೋಡಿದರು, ದಾರಿಯಾಚೆಯ ಮಾವಿನ ಮರದ ಕಡೆ ನೋಡಿದರು, ಕಡೆಗೆ ನನ್ನನ್ನು ನೋಡಿದರು.

"ನಿನ್ನ ಹೆಸ್ರೆಂತ ಹೆಣೆ?"

"ಮೋಕ್ಷಿತಾ." ನೆಲ ನೋಡುತ್ತ ಹೇಳಿದೆ.

"ನಾಳಿಗೆ ಮನಿ ತುಂಬ ನೆಂಟ್ರ್. ಆಟ ಮುಗ್ದ್ ಎಲ್ರಿಗೂ ಮೀನಿನೂಟ ಆಯ್ಕ್. ಬಂಗ್ಡಿ ತಪ್ಪುಕೆ ಆತ್ತಾ ನಿಂಗೆ?"

ಅವರ ಸೊಸೆ ವಿನಯಾ ಒಳಗಿನಿಂದ ತಲೆ ಹಾಕಿದಳು. "ಅತ್ತೆ, ನಾಳಿನ ಮೀನಿಗೆ ನಾನ್ ಫೋನಂಗೆ ಹೇಳಿಯಾಯ್ತಲ್ಲೆ."

"ಹೇಳಿದ್ಯಲ್ಲ, ಬೇಡ ಅಂತಾನೂ ಹೇಳ್. ಈ ಮನಿ ಜಲಜಕ್ಕನ್ ಮನಿ. ಈಗ ಈ ಹೆಣ್ಣಿಂದಾ ಅಲ್ದಾ ಅಂತ ಅದೇ ಹೇಳ್ಕ್."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಅಜ್ಜಿಯ ಕಡೆ ತಿರುಗಿದೆ. ಅವಳು ಬೇಕೆಂದೇ ರಂಗಸ್ಥಳದ ಕಡೆ ಮುಖ ಮಾಡಿ ಕೂತಿದ್ದಳು, ಅಲ್ಲಿ ಏನೋ ಬಹಳ ಮುಖ್ಯವಾದದ್ದು ನಡೆಯುತ್ತಿರುವ ಹಾಗೆ.

"ತತ್ತೆ," ಎಂದೆ. ತರುತ್ತೇನೆ ಎಂದಷ್ಟೇ ಹೇಳಿದ್ದು ಸಾಲಲಿಲ್ಲ ಅನಿಸಿತು. "ಬುಟ್ಟಿ ತುಂಬ ತತ್ತೆ ಸರೋಜಮ್ಮ. ಕಾಣಿಯೂ ತತ್ತೆ. ಅಪ್ಪನ ಬೋಟಿಂದೇ, ಐಸ್ ತಾಗುದ್ರೊಳ್ಗೆ."

ನನ್ನ ಜೀವಮಾನದಲ್ಲಿ ಇಷ್ಟು ಜನರ ಎದುರು ಆಡಿದ ಅತಿ ಉದ್ದದ ಮಾತು ಅದು. ವಿನಯಾ ಮೊದಲು ನಕ್ಕಳು. "ಓ, ಸ್ವರ ಇತ್ತ್ ಇವ್ಳಿಗೆ!" ಹೆಂಗಸರೆಲ್ಲ ನಕ್ಕರು. ಸರೋಜಮ್ಮ ಒಳಗೆ ಹೋಗಿ ಒಂದು ವೀಳ್ಯದೆಲೆ, ಅಡಿಕೆ ತಂದು ಅಜ್ಜಿಯ ಕೈಗಲ್ಲ, ನನ್ನ ಕೈಗೆ ಕೊಟ್ಟರು. "ಮೀನ್ ಮುಟ್ಟುಕಿಲ್ಲೆ ಇವತ್ತ್. ಇದೇ ಬೋಣಿ ಅಂದ್ಕೋ."

ಅಜ್ಜಿ ಆಗ ತಿರುಗಿದಳು. ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು ಸರಿಯಾಗಿ ಒರಗಿ ಕೂತಳು. ಅಷ್ಟೇ. ಕಣ್ಣು ಒರೆಸಿಕೊಳ್ಳಲಿಲ್ಲ, ಕಣ್ಣಲ್ಲಿ ನೀರಿತ್ತು.

ಅಜ್ಜಿಯನ್ನು ಅವರು ಬಿಡಲಿಲ್ಲ. ಮುಂದಿನ ಸಾಲಿನ ಕುರ್ಚಿ ಅವಳಿಗೇ ಎಂದರು, ರಾತ್ರಿ ಇಲ್ಲೇ ಎಂದರು. ನಾನು ಊಟ ಮಾಡಿ, ಬುಟ್ಟಿ ಹೊತ್ತು ಹೆದ್ದಾರಿಗೆ ಬಂದೆ. ಪೇಟೆಯ ಹೋಟೆಲಿನವರು ಇದ್ದ ಮೀನನ್ನೆಲ್ಲ ತೆಗೆದುಕೊಂಡರು. ಮಾತು ಹೆಚ್ಚೇನೂ ಬೇಕಾಗಲಿಲ್ಲ.

ಮರುದಿನ ಬೆಳಗ್ಗೆ ಬಂದರಿನಲ್ಲಿ ಅಪ್ಪನೇ ಬಂಗುಡೆ ಆರಿಸಿಕೊಟ್ಟ. ವೀಳ್ಯದ ವಿಷಯ ಹೇಳಿದ್ದೆ. "ನೀ ಮಾತಾಡಿದ್ಯಾ? ಎಲ್ರೆದ್ರ್? ಎಂತ ಹೇಳ್ದೆ?" ಎಂದು ಮತ್ತೆ ಮತ್ತೆ ಕೇಳಿ, ಕಡೆಗೆ ಒಂದು ದೊಡ್ಡ ಅಂಜಲ್ ಮೀನು ತಂದು ಬುಟ್ಟಿಗಿಟ್ಟ. "ಇದ್ ಸರೋಜಕ್ಕಂಗೆ. ನಾ ಉಂಡ ಅಕ್ಕಿಗೆ," ಎಂದ. ಅವನ ಬಾಯಿಂದ ಆ ಅಕ್ಕಿಯ ಮಾತು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಒಬ್ಬಳೇ ಬಸ್ಸು ಹತ್ತಿದೆ. ಕಂಡಕ್ಟರು ಅಜ್ಜಿ ಎಲ್ಲಿ ಎಂದ. "ಆಟ ಕಾಂಬುಕೆ ಹೋಯಿದ್ರ್," ಎಂದೆ. ಸೀಟಿನಲ್ಲಿ ಕೂತೆ. ಸೇತುವೆಗಳು ಒಂದಾದ ಮೇಲೊಂದು ಬಂದು ಹಿಂದೆ ಹೋದವು. ಏಣಿ ಹತ್ತಬೇಕಾಗಿರಲಿಲ್ಲ, ದೋಣಿ ಕಾಯಬೇಕಾಗಿರಲಿಲ್ಲ, ಯಾರಿಗೂ ಹೆದರಿ ಏನನ್ನೂ ಅಡಗಿಸಬೇಕಾಗಿರಲಿಲ್ಲ. ಇದೆಲ್ಲ ನನಗೆ ಸುಮ್ಮನೆ ಸಿಕ್ಕಿದ್ದಲ್ಲ. ಶಾಲೆಯ ಪುಸ್ತಕದಲ್ಲಿ ದೊಡ್ಡವರ ಹೆಸರುಗಳ ಕೆಳಗೆ ಇಸವಿಗಳನ್ನು ಓದಿದ್ದೆ. ಆ ಇಸವಿಗಳ ಒಳಗೆಲ್ಲ ಅಜ್ಜಿ ಬುಟ್ಟಿ ಹೊತ್ತು ನಡೆಯುತ್ತಿದ್ದಳು ಎಂದು ಆಗ ಹೊಳೆದಿರಲಿಲ್ಲ.

ಗದ್ದೆಯ ಬದು ದಾಟಿದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಬೆಳಗಾಗುವವರೆಗೆ ಆಟ ನಡೆದಿತ್ತು. ಚಪ್ಪರದಲ್ಲಿ ಕುರ್ಚಿಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಜಗಲಿಯ ಉದ್ದಕ್ಕೂ ಚಾಪೆ ಹಾಸಿ ಜನ ಮಲಗಿದ್ದರು. ರವಿಚಂದ್ರರು ಬಿಳಿ ಪಂಚೆಯಲ್ಲೇ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದರು. ವಿನಯಾ ಮಗುವಿನ ಜೊತೆ ಮುದುಡಿಕೊಂಡಿದ್ದಳು. ಆ ಸಾಲಿನ ಕೊನೆಗೆ ಸರೋಜಮ್ಮ, ಅವರ ಪಕ್ಕದ ಚಾಪೆಯಲ್ಲಿ ನನ್ನ ಅಜ್ಜಿ. ಇಬ್ಬರಿಗೂ ಒಂದೇ ಕಂಬಳಿ. ಅಜ್ಜಿಯ ಬಾಯಿ ಸ್ವಲ್ಪ ತೆರೆದಿತ್ತು, ಉಸಿರು ನೆಮ್ಮದಿಯಾಗಿ ಏರಿ ಇಳಿಯುತ್ತಿತ್ತು. ಅವಳು ಹೀಗೆ ಬೆಳಕು ಹರಿದ ಮೇಲೂ ಮಲಗಿದ್ದನ್ನು ನಾನು ಆಸ್ಪತ್ರೆಯಲ್ಲಿ ಬಿಟ್ಟು ಬೇರೆಲ್ಲೂ ಕಂಡಿರಲಿಲ್ಲ.

ಬುಟ್ಟಿ ಭಾರವಿತ್ತು. ಅಂಜಲಿನ ತೂಕಕ್ಕೆ ಕುತ್ತಿಗೆ ಇಳಿಯುತ್ತಿತ್ತು. ಅಂಗಳದ ನಡುವೆ ನಿಂತು, ಉಸಿರು ಎಳೆದುಕೊಂಡು, ಇಡೀ ಮನೆಗೆ ಕೇಳುವಂತೆ ಕೂಗಿದೆ.

"ಸರೋಜಮ್ಮಾ, ಮೀನ್ ತಂದಿದೆ! ಬುಟ್ಟಿ ಇಳ್ಸುಕೆ ಯಾರಾರೂ ಒಂದ್ ಕೈ ಹಿಡೀನಿ!"

ಯಾರೂ ಏಳಲಿಲ್ಲ. ಇನ್ನೂ ಗಟ್ಟಿಯಾಗಿ ಕೂಗಲು ಮತ್ತೊಮ್ಮೆ ಉಸಿರು ಎಳೆದುಕೊಂಡೆ.